ಹಾಲೆಂಡ್ ಹುಡುಗಿಗೆ ಒಂದು ಎಮ್ಮೆ

ಆಗೆಲ್ಲ ನಮ್ಮೂರಿನಲ್ಲಿ ಬೆಳಗಾಗುತ್ತಿದ್ದುದು ಸೂರ್ಯನಿಂದಲ್ಲ, ನಮ್ಮಪ್ಪನ ಹಾಲಿನ ಕ್ಯಾನುಗಳಿಂದ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಮೊದಲ ರೈಲುಗಾಡಿ ಹಿಡಿಯಬೇಕೆಂದು ಅವನು ಕತ್ತಲಲ್ಲೇ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟುತ್ತಿದ್ದ. ಆ ಸದ್ದಿಗೆ ಬೆಚ್ಚಿಬಿದ್ದು ಕೋಳಿಗಳು ಕೂಗುತ್ತಿದ್ದವು. ಅಪ್ಪ ಚಿನ್ನದ ಗಣಿ ಕೆಲಸಗಾರರ ಲೈನುಮನೆಗಳಿಗೆ ಹಾಲು ಹಾಕುತ್ತಿದ್ದ. ಅವನ ಹಿಂದೆಯೇ ಅದೇ ದಾರಿಯಲ್ಲಿ ಅಕ್ಕ ಮತ್ತು ನಾನು ಊರಿಗಾಂನ ಶಾಲೆಗೆ ಹೋಗುತ್ತಿದ್ದೆವು. ಆ ಗಾಡಿ ಹತ್ತಿದವರಿಗೆ ಅದರ ವಾಸನೆ ಈಗಲೂ ಮೂಗಿನಲ್ಲಿ ಇರಬೇಕು: ಹಸಿ ಹಾಲು, ಬೀಡಿ, ಯಾರದೋ ಡಬ್ಬಿಯಿಂದ ಸೋರಿದ ಹುರುಳಿ ಸಾರು. ಸೋರುತ್ತಿದ್ದ ಡಬ್ಬಿ ಬಹುಮಟ್ಟಿಗೆ ನನ್ನದೇ.

ನಾನು ಮಂಜುಳಾ, ಎಲ್ಲರ ಬಾಯಲ್ಲೂ ಮಂಜಿ. ಆಗ ಏಳನೇ ಕ್ಲಾಸು. ಅಕ್ಕ ರತ್ನ ಹತ್ತನೇ ಕ್ಲಾಸು, ಅದೂ ಲೆಕ್ಕದಲ್ಲಿ ಡುಮ್ಕಿ ಹೊಡೆದು ಎರಡನೇ ಸಲ ಕೂತವಳು. ಶಾಲೆ ಅವಳನ್ನು ಇಟ್ಟುಕೊಂಡಿದ್ದುದು ಹಾಕಿಯ ಆಸೆಗೆ. ಅಕ್ಕ ಮೈದಾನಕ್ಕಿಳಿದರೆ ಪಾಳಿ ಮುಗಿಸಿ ಮನೆಗೆ ಹೋಗುವ ಲೈನಿನ ಗಂಡಸರೂ ನಿಂತು ನೋಡುತ್ತಿದ್ದರು. ನಾನು ಅದೇ ತಂಡದ ಗೋಲ್‌ಕೀಪರ್. ದೊಡ್ಡ ಹುಡುಗಿಯರು ಯಾರೂ ಆ ಜಾಗಕ್ಕೆ ಒಪ್ಪಲಿಲ್ಲ, ನನ್ನನ್ನು ಆರಿಸಿದ್ದಕ್ಕೆ ಕಾರಣ ನನ್ನ ಪ್ರತಿಭೆಯಲ್ಲ, ನನ್ನ ಅಗಲ. ನಾನು ನಿಂತರೆ ಅರ್ಧ ಗೋಲು ತಾನಾಗಿ ಮುಚ್ಚಿಹೋಗುತ್ತಿತ್ತು. ಉಳಿದರ್ಧದಲ್ಲಿ ಎದುರಾಳಿಗಳು ಸುಖವಾಗಿದ್ದರು.

ಆ ಚಳಿಗಾಲದ ಕಥೆ ಶುರುವಾದದ್ದು ಬಂಗಾರಪೇಟೆ ಸ್ಟೇಷನ್ನಿನ ಒಂದು ಕಡ್ಲೆಕಾಯಿ ಪೊಟ್ಟಣದಿಂದ. ಕಡ್ಲೆಕಾಯಿ ಖಾಲಿಯಾದ ಮೇಲೆ, ತಳದಲ್ಲಿ ಒಂದಾದರೂ ಉಳಿದಿರಬಹುದೆಂಬ ದುರಾಸೆಯಿಂದ ನಾನು ಕಾಗದ ಬಿಚ್ಚಿದೆ. ಯಾವುದೋ ಇಂಗ್ಲಿಷ್ ಪತ್ರಿಕೆಯ ನುಣುಪಾದ ಹಾಳೆ. ಅದರಲ್ಲೊಬ್ಬಳು ಬಿಳೀ ಹುಡುಗಿ. ಕಿತ್ತಳೆ ಬಣ್ಣದ ಅಂಗಿ, ಮೊಣಕಾಲು ಮುಟ್ಟದ ಲಂಗ. ನೆಲದ ಮಟ್ಟಕ್ಕೆ ಬಗ್ಗಿ, ಹಾಕಿ ಕೋಲನ್ನು ಪೂರ್ತಿ ನೆಲಕ್ಕೆ ಮಲಗಿಸಿದ್ದಾಳೆ. ಚೆಂಡು ಬಂದು ಕೋಲಿಗೆ ಅಂಟಿಕೊಂಡು ನಿಂತಿದೆ. ಸುತ್ತ ನೀರಿನ ಹನಿಗಳು ಹಾರಿವೆ. ಹೆಸರಿದ್ದ ಜಾಗ ಹರಿದುಹೋಗಿತ್ತು.

ಅಕ್ಕ ಆ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡವಳು ಊರಿಗಾಂ ಬರುವತನಕ ಬಿಡಲಿಲ್ಲ. ಶಾಲೆಗೆ ಹೋದವಳೇ ನಮ್ಮ ಪಿ.ಟಿ. ಟೀಚರ್ ಸ್ಟೆಲ್ಲಾ ಮಿಸ್ಸಿಗೆ ತೋರಿಸಿದಳು. ಮಿಸ್ಸಿನ ಕನ್ನಡದಲ್ಲಿ ತಮಿಳು ಒಗ್ಗರಣೆಯಂತೆ ಸಿಡಿಯುತ್ತಿತ್ತು.

"ಇದು ಹಾಲೆಂಡ್ ಟೀಮ್ ಮ್ಮಾ. ಆ ಷರ್ಟ್ ನೋಡಿದ್ರೆ ಗೊತ್ತಾಗತ್ತೆ. ಅವರ ಗ್ರೌಂಡು ಮಣ್ಣಲ್ಲ, ಪ್ಲಾಸ್ಟಿಕ್ ಹುಲ್ಲು. ಮ್ಯಾಚಿಗೆ ಮುಂಚೆ ನೀರು ಬಿಡ್ತಾರೆ, ಚೆಂಡು ಜರ್ರಂತ ಓಡ್ಲಿ ಅಂತ."

"ಪ್ಲಾಸ್ಟಿಕ್ ಉಲ್ಲಿಗೆ ನೀರಾ ಮಿಸ್?" ಎಂದಳು ಅಕ್ಕ.

"ಆಮಾ. ಆದ್ರೆ ಇದು ನೀನು ಇಲ್ಲಿ ಮಾಡ್ಬೇಡ ರತ್ನಾ. ನಮ್ಮ ಗ್ರೌಂಡಲ್ಲಿ ಎಲ್ಲಾ ಕಲ್ಲು. ಕೋಲು ಮಲಗಿಸಿದ್ರೆ ಮುಖ ಚೆಂಡಿನ ದಾರೀಲೇ ಇರತ್ತೆ. ಒಬ್ಳು ಪಕ್ಕಕ್ಕೆ ಕೂತು ಕೈಯಲ್ಲಿ ನಿಲ್ಸೋದು, ಇನ್ನೊಬ್ಳು ಹೊಡೆಯೋದು. ತೆರಿಂಜುದಾ?"

ಹಾಕಿ ಗೊತ್ತಿಲ್ಲದವರಿಗೆ ಒಂದು ಮಾತು. ಪೆನಾಲ್ಟಿ ಕಾರ್ನರ್ ಅಂದರೆ, ಗೋಲಿನ ಗೆರೆಯಿಂದ ಒಬ್ಬಳು ಚೆಂಡನ್ನು ಜೋರಾಗಿ ಹೊರಕ್ಕೆ ತಳ್ಳುತ್ತಾಳೆ. ದೂರದಲ್ಲಿ ನಿಂತವರು ಅದನ್ನು ಕೋಲಿನಿಂದಲೋ, ಆಗಿನ ನಿಯಮದಂತೆ ಕೈಯಿಂದಲೋ ನಿಲ್ಲಿಸಿ ಗೋಲಿಗೆ ಹೊಡೆಯಬೇಕು. ನಿಲ್ಲದ ಚೆಂಡು ದಂಡ. ನಮ್ಮ ತಂಡದಲ್ಲಿ ಕೈಯಲ್ಲಿ ನಿಲ್ಲಿಸುತ್ತಿದ್ದ ಸೆಲ್ವಿ ಚೆಂಡು ಬರುವ ಮೊದಲೇ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಚೆಂಡು ಅವಳನ್ನು ದಾಟಿರುತ್ತಿತ್ತು. ಅಕ್ಕನಿಗಿದ್ದ ಕೊರಗು ಅದೊಂದೇ.

ಮನೆಯಲ್ಲಿ ಆ ಹಾಳೆಯನ್ನು ರಾಗಿ ಗಂಜಿ ಹಚ್ಚಿ, ರಾಗಿ ತುಂಬುವ ವಾಡೆಯ ಮೇಲೆ ಅಂಟಿಸಿದೆವು. ಮನೆಯವರೆಲ್ಲ ಹೊಸ ಸೊಸೆ ನೋಡುವಂತೆ ಬಂದು ನೋಡಿದರು.

"ಅಲ್ಲೇ, ಮನುಷ್ರು ಕುಡಿಯೋಕೆ ನೀರಿಲ್ಲ, ಇವ್ರು ಪ್ಲಾಸ್ಟಿಕ್ ಉಲ್ಲಿಗೆ ಆಕ್ತಾರಾ?" ಎಂದಳು ಅಜ್ಜಿ. "ಆ ಉಲ್ಲು ಎಮ್ಮೆ ಮೂಸಾದ್ರೂ ನೋಡ್ತದಾ?"

"ಮೊದ್ಲು ಆ ಉಡುಗಿಗೆ ಯಾರಾದ್ರೂ ಮೈತುಂಬ ಒಂದು ಲಂಗ ಒಲಿಸ್ಕೊಡ್ರಿ," ಎಂದಳು ಅಮ್ಮ.

ಅಪ್ಪ ಮಾತ್ರ ಬೇರೆ ಲೆಕ್ಕದಲ್ಲಿದ್ದ. "ಆಲೆಂಡು ಅಂದ್ಯಾ? ಸೀಮೆ ಅಸು ಬರೋದು ಅಲ್ಲಿಂದ್ಲೇ ಕಣೇ. ಡೈರಿ ಡಾಕ್ಟ್ರು ಯೋಳ್ತಿದ್ರು. ಒಂದೊತ್ತಿಗೆ ಬಕೀಟು ತುಂಬ್ತದಂತೆ." ಅಂಥ ಹಸು ಕೊಟ್ಟ ದೇಶದವಳೆಂದು ಅವನು ಚಿತ್ರಕ್ಕೆ ಸಣ್ಣದೊಂದು ನಮಸ್ಕಾರವನ್ನೇ ಹಾಕಿಬಿಟ್ಟನೋ ಎಂದು ನನಗೆ ಅನುಮಾನ. ನಮ್ಮನೆಯಲ್ಲಿದ್ದುದು ಒಂದು ಮುಂಗೋಪಿ ಎಮ್ಮೆ ಮತ್ತು ಎರಡು ನಾಟಿ ಹಸು.

ಹೆಸರಿಲ್ಲದ ಆ ಹುಡುಗಿಗೆ ಕಿತ್ತಳೆ ಎಂದು ನಾನೇ ಹೆಸರಿಟ್ಟೆ. ಹೆಸರಿಟ್ಟ ಮೇಲೆ ಸುಮ್ಮನಿರಲಾಗುತ್ತದೆಯೇ? ಅವಳ ಹಾಕಿ ಬದುಕನ್ನೂ ನಾನೇ ಕಟ್ಟತೊಡಗಿದೆ. ಸ್ಟೇಷನ್ನಿನಿಂದ ಊರಿಗೆ ನಡೆಯುವಾಗ, "ಶಾಲೇಲಿ ಇಂಗ್ಲಿಷ್ ಪೇಪರ್ ಓದ್ದೆ ಅಕ್ಕಾ, ಕಿತ್ತಳೆ ಸಮಾಚಾರ ಬಂದೈತೆ," ಎಂದು ಶುರು ಮಾಡುತ್ತಿದ್ದೆ. ನನ್ನ ಇಂಗ್ಲಿಷ್ ಪೇಪರಿನ ತಾರೀಕು ಓದುವಷ್ಟರಲ್ಲೇ ಸುಸ್ತಾಗುತ್ತಿತ್ತು, ಅದು ಅಕ್ಕನಿಗೂ ಗೊತ್ತಿತ್ತು. ಆದರೂ ಕೇಳುತ್ತಿದ್ದಳು.

ನನ್ನ ವರದಿಯ ಪ್ರಕಾರ ಕಿತ್ತಳೆಗೂ ಲೆಕ್ಕದಲ್ಲಿ ಡುಮ್ಕಿ. ಅವಳ ಅಪ್ಪ ಹಾಲು ಮಾರುತ್ತಾನೆ. ಅವಳ ಅಮ್ಮ ಹಾಕಿ ಕೋಲನ್ನು ಹುಲ್ಲಿನ ಬಣವೆಯೊಳಗೆ ಬಚ್ಚಿಡುತ್ತಾಳೆ. ಅವರ ಮನೆಯಲ್ಲಿ ಒಂದು ಎಮ್ಮೆ ಇದೆ. ಹಾಲೆಂಡಿನವಳಿಗೆ ಸೀಮೆ ಹಸು ಕೊಡುವುದೇ ನ್ಯಾಯವಾಗಿತ್ತು, ಆದರೆ ಹಸು ಕೊಟ್ಟರೆ ಅವಳು ನಮಗಿಂತ ದೊಡ್ಡವಳಾಗಿಬಿಡುತ್ತಾಳೆಂದು ಎಮ್ಮೆ ಕೊಟ್ಟೆ. ಆ ಎಮ್ಮೆ ಕರು ಹಾಕುವಾಗ ಕಿತ್ತಳೆ ಒಂದು ಪಂದ್ಯ ತಪ್ಪಿಸಿಕೊಂಡು, ತಂಡದಿಂದ ಹೊರಬಿದ್ದಳು. ಆಮೇಲೆ ಅವಳಿಲ್ಲದೆ ಗೆಲ್ಲಲಾಗದೆ ಊರವರೇ ಬಂದು ಕರೆದುಕೊಂಡು ಹೋದರು.

"ಆಮೇಲೆ?" ಎನ್ನುತ್ತಿದ್ದಳು ಅಕ್ಕ.

"ಆಮೇಲೆ ಇನ್ನೇನು, ರಷ್ಯಾದವ್ರ ಮೇಲೆ ಗೋಲೇ ಗೋಲು!"

"ಅವ್ರ ಗೋಲ್‌ಕೀಪರ್ ನಿನ್ನಂಗೆ ಇದ್ಲಾ?" ಎಂದು ಅಕ್ಕ ನನ್ನ ತಲೆಗೆ ಮೊಟಕುತ್ತಿದ್ದಳು. ನಗುವಾಗ ಅವಳ ಮುಂದಿನ ಹಲ್ಲುಗಳು ಹೊಸ ಜೋಳದಂತೆ ಹೊಳೆಯುತ್ತಿದ್ದವು. ಈ ಮಾತನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಹೇಳಲು ಜಾಗವಿಲ್ಲ.

ಅಷ್ಟರಲ್ಲಿ ಕುಪ್ಪಂ ಕಡೆಯಿಂದ ಒಂದು ಸಂಬಂಧ ಬಂತು. ಸಂಕ್ರಾಂತಿ ಕಳೆದ ಮೇಲೆ ಹುಡುಗಿ ನೋಡಲು ಬರುತ್ತಾರೆಂದು ಅಮ್ಮ ಗೋಡೆಗೆ ಸುಣ್ಣ ಬಳಿಯತೊಡಗಿದಳು. ಅದೇ ವಾರ ಸ್ಟೆಲ್ಲಾ ಮಿಸ್ಸೂ ಒಂದು ಸುದ್ದಿ ತಂದರು. ಹಬ್ಬಕ್ಕೆ ಮುಂಚೆ ಊರಿಗಾಂನಲ್ಲಿ ನಂದಿದುರ್ಗ ಗಣಿಯ ಲೈನಿನ ಹುಡುಗಿಯರ ಮೇಲೆ ಪಂದ್ಯ ಇದೆ. ಬೆಂಗಳೂರಿನ ತರಬೇತಿ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರು ನೋಡಲು ಬರುತ್ತಾರೆ. ಶಿಬಿರಕ್ಕೆ ಹೋದವರು ರಾಜ್ಯದ ತಂಡಕ್ಕೆ ಆಡಬಹುದು.

ಆ ದಿನ ಊಟಕ್ಕೆ ಕೂತಾಗ ಅಕ್ಕ ಮುದ್ದೆ ಮುರಿಯದೆ ಅಪ್ಪನ ಮುಖ ನೋಡುತ್ತಾ ಕೂತಳು. ಅಪ್ಪ ತನ್ನ ಮುದ್ದೆ ಮುಗಿಸಿ, ಕೈ ತೊಳೆದು, ವಾಡೆಯ ಮೇಲಿದ್ದ ಕಿತ್ತಳೆಯನ್ನು ನೋಡಿ ಹೇಳಿದ: "ನೋಡಮ್ಮಾ. ಸೆಲೆಕ್ಟು ಅಂತ ಆದ್ರೆ ಓಗು. ಕುಪ್ಪಂನವ್ರಿಗೆ ಒಂದೊರ್ಸ ತಡೀರಿ ಅಂತ ನಾನೇ ಯೋಳ್ತೀನಿ. ಆಗ್ಲಿಲ್ವಾ, ಆ ಕೋಲು ಒಲೆಗೆ. ಆಮೇಲೆ ಆಕಿ ಅನ್ನೋ ಮಾತು ಈ ಮನೇಲಿ ಎತ್ತಂಗಿಲ್ಲ."

ಅಮ್ಮ ಪಾತ್ರೆಯ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಮುಚ್ಚಿದಳು.

ಊರಿಗೆಲ್ಲ ರಾಗಿ ಒಕ್ಕುವ ಕಲ್ಲುಗುಂಡು ಇದ್ದುದು ಒಂದೇ. ಅದರ ಸರದಿ ಬಂದಾಗಲೇ ಕಣ ಮಾಡಿಕೊಳ್ಳಬೇಕು. ಆ ವರ್ಷ ನಮ್ಮ ಸರದಿ ಬೇಗ ಬಂತು. ತೆನೆ ಇನ್ನೂ ಮೆದೆಯಲ್ಲಿ ಒಣಗುತ್ತಿತ್ತು, ಕಣ ಮಾತ್ರ ಸಿದ್ಧವಾಯಿತು. ಹೊಲದಲ್ಲಿ ನೆಲ ಕೆತ್ತಿ, ನೀರು ಹಾಕಿ ತುಳಿದು, ಕಲ್ಲುಗುಂಡು ಉರುಳಿಸಿ, ಒಂದೊಂದು ಹರಳನ್ನೂ ಆರಿಸಿ ತೆಗೆದು, ಸಗಣಿ ನೀರಿನಲ್ಲಿ ಸಾರಿಸಿದೆವು. ಒಣಗಿದ ಮೇಲೆ ಅದು ಅಜ್ಜಿಯ ಅಂಗೈ ಸವರಿದ ರೊಟ್ಟಿಯಂತಿತ್ತು. ಅಕ್ಕ ಸುಮ್ಮನೆ ಚೆಂಡೊಂದನ್ನು ಉರುಳಿಬಿಟ್ಟಳು. ಅದು ಸದ್ದಿಲ್ಲದೆ, ಎಳೆದ ಗೆರೆಯಂತೆ, ಆ ತುದಿಗೆ ಹೋಗಿ ನಿಂತಿತು.

ಅಕ್ಕ ನನ್ನ ರಟ್ಟೆ ಹಿಡಿದುಕೊಂಡಳು. "ಮಂಜೀ, ಇದೇ ಕಣೇ ಪ್ಲಾಸ್ಟಿಕ್ ಉಲ್ಲು!"

ಅವತ್ತಿನಿಂದ ದಿನಾ ಸಂಜೆ ಕಣದ ಮೇಲೆ ಹಾಕಿ. "ಮೆಟ್ಟು ಕಳಚಿ ಆಡ್ರಿ, ಅನ್ನ ಬೀಳೋ ಜಾಗ," ಎಂದು ಅಜ್ಜಿ ಬದುವಿನ ಮೇಲೆ ಕಾವಲು ಕೂರುತ್ತಿದ್ದಳು. ಬರಿಗಾಲಿನಲ್ಲಿ ಸಗಣಿ ಸಾರಿಸಿದ ನೆಲದ ತಂಪು, ಮೆದೆಯಿಂದ ಬರುವ ಹೊಸ ರಾಗಿಯ ಘಮ, ಪಕ್ಕದ ಸಾಲಿನಲ್ಲಿ ಅವರೆಕಾಯಿಯ ಸೊಗಡು. ಬೆಳಿಗ್ಗೆ ಗಾಡಿಗೆ ಮುಂಚೆ ಅಕ್ಕ ಮತ್ತೆ ಕಣ ಸಾರಿಸಿ ಗೀರು ಮುಚ್ಚುತ್ತಿದ್ದಳು. ಹಾಲೆಂಡಿನವರು ನೀರು ಬಿಡುತ್ತಾರೆ, ನಾವು ಸಗಣಿ ಬಿಡುತ್ತೇವೆ, ಅಷ್ಟೇ ವ್ಯತ್ಯಾಸ ಎಂದು ನಾನು ಸಾರುತ್ತಿದ್ದೆ.

ಗೋಲ್‌ಕೀಪರಿನ ಕಾಲುಕವಚ ಶಾಲೆಯಿಂದ ಮನೆಗೆ ಕೊಡುತ್ತಿರಲಿಲ್ಲ. ಹಾಗಾಗಿ ಗೋಣಿಚೀಲದ ತುಂಡುಗಳಿಗೆ ಹುಲ್ಲು ತುಂಬಿ ಕಾಲಿಗೆ ಕಟ್ಟಿಕೊಂಡೆ. ಒಂದು ಸಂಜೆ ಗೋಲಿನ ಜಾಗದಲ್ಲಿ ಗಂಭೀರವಾಗಿ ನಿಂತಿದ್ದಾಗ ಬಲಗಾಲು ಯಾಕೋ ಹಗುರಾಯಿತು. ನೋಡಿದರೆ ನಮ್ಮ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ನನ್ನ ಕವಚ ಮೇಯುತ್ತಿದೆ. ನಾನು ಓಡಿದೆ, ಅದು ಇನ್ನೊಂದು ಕಾಲಿಗೆ ಬೆನ್ನಟ್ಟಿತು. ಅಜ್ಜಿ ನಗುತ್ತಾ ಬದುವಿನಿಂದ ಹಿಂದಕ್ಕೆ ಉರುಳಿದಳು. ಪ್ರಪಂಚದ ಹಾಕಿ ಚರಿತ್ರೆಯಲ್ಲಿ ಎದುರಾಳಿಗಳು ಗೋಲ್‌ಕೀಪರನ್ನು ದಾಟಿದ್ದುಂಟು, ತಿಂದದ್ದು ಮಾತ್ರ ಅದೊಂದೇ ಸಲ.

ನಾನು ಚೆಂಡು ತಳ್ಳುತ್ತಿದ್ದೆ. ಅಕ್ಕ ಚಿತ್ರದವಳಂತೆ ಬಗ್ಗಿ ಕೋಲು ಮಲಗಿಸುತ್ತಿದ್ದಳು. ಟಪ್ ಎಂದು ಚೆಂಡು ನಿಲ್ಲುತ್ತಿತ್ತು. ಎದ್ದವಳೇ ಹೊಡೆಯುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಅವಳ ಮುಖ, ವಾಡೆಯ ಮೇಲಿನ ಮುಖ ಎರಡೂ ನನಗೆ ಕಲೆಸಿಹೋಗುತ್ತಿದ್ದವು.

ಪಂದ್ಯದ ದಿನ ಊರಿಗಾಂನ ಮೈದಾನದಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗಣಿಯಿಂದ ಬಂದ ಬೂದು ಮಣ್ಣು, ಅದರ ತುಂಬ ಕಡ್ಲೆಯಷ್ಟು, ಹುರುಳಿಯಷ್ಟು ಕಲ್ಲು. ಆರಿಸುವವರಿಬ್ಬರು ಒಂದೇ ಕೊಡೆಯ ಕೆಳಗೆ ಕೂತಿದ್ದರು. ಅಪ್ಪ ಖಾಲಿ ಕ್ಯಾನುಗಳನ್ನು ಬೇಲಿಗೊರಗಿಸಿ ನಿಂತಿದ್ದ, ಅವನು ನಮ್ಮ ಆಟ ನೋಡಲು ಬಂದದ್ದು ಅದೇ ಮೊದಲು.

ಅವನಿಗೆ ಮೊದಲು ಕಾಣಿಸಿದ್ದು ನನ್ನ ಸಾಹಸ. ನಂದಿದುರ್ಗದ ಒಬ್ಬಳು ಹೊಡೆದ ಚೆಂಡು ಆಮೆಯಂತೆ ತೆವಳಿಕೊಂಡು ಬರುತ್ತಿತ್ತು. ನಡುವೆ ಕೂತು ವಿಶ್ರಾಂತಿ ತೆಗೆದುಕೊಂಡು ಬಂದಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಜೋರಾಗಿ ಒದ್ದೆ. ಶಾಲೆಯ ಕವಚದ ಪಟ್ಟಿ ಕಿತ್ತು, ಕವಚ ಮೈದಾನದ ಮಧ್ಯಕ್ಕೆ ಹಾರಿತು, ಚೆಂಡು ಗೋಲಿನೊಳಕ್ಕೆ ಹೋಯಿತು. ಸುತ್ತ ನಿಂತವರ ಸಿಳ್ಳೆಯಲ್ಲಿ ನನಗೆ ಅಕ್ಕನ ಮುಖ ನೋಡುವ ಧೈರ್ಯ ಬರಲಿಲ್ಲ.

ನಮಗೂ ಒಂದು ಕಾರ್ನರ್ ಸಿಕ್ಕಿತು. ಸೆಲ್ವಿ ಶಿಲುಬೆ ಗುರುತು ಮಾಡಿಕೊಂಡಳು, ಚೆಂಡು ದಾಟಿಹೋಯಿತು. ಮುಂದಿನ ಕಾರ್ನರ್ ಬಂದಾಗ ಅಕ್ಕ ಅವಳನ್ನು ಪಕ್ಕಕ್ಕೆ ಸರಿಸಿದಳು. "ನೀನು ಬಿಡು ಸೆಲ್ವಿ. ನಾನೇ ನಿಲ್ಸಿ ನಾನೇ ಒಡೀತೀನಿ."

ಬಗ್ಗಿ ಕೋಲು ಮಲಗಿಸಿದಳು. ಟಪ್. ಎದ್ದು ಹೊಡೆದಳು. ಗೋಲಿನ ಹಲಗೆ ಗುಡುಗಿತು. ಕೊಡೆಯ ಕೆಳಗಿನವರು ಒಬ್ಬರ ಕಡೆ ಒಬ್ಬರು ವಾಲಿ ಏನೋ ಮಾತಾಡಿಕೊಂಡರು. ಬೇಲಿಯ ಹತ್ತಿರ ಅಪ್ಪ ತಲೆಯ ಟವೆಲ್ ತೆಗೆದು ಮತ್ತೆ ಸುತ್ತಿಕೊಂಡ. ನಾನು ಈ ತುದಿಯ ಗೋಲಿನಲ್ಲಿ ಒಂದೇ ಕವಚದಲ್ಲಿ ಕುಣಿದೆ.

ಪಂದ್ಯ ಮುಗಿಯುವ ಹೊತ್ತಿಗೆ ಮತ್ತೊಂದು ಕಾರ್ನರ್. ಸ್ಟೆಲ್ಲಾ ಮಿಸ್ ಗೆರೆಯ ಹೊರಗಿನಿಂದ ಕೂಗಿದರು: "ವೇಂಡಾ ರತ್ನಾ! ಕೈ! ಸೆಲ್ವಿ ಕೈಯಲ್ಲಿ ನಿಲ್ಸಲಿ!"

ಅಕ್ಕ ತಿರುಗಿ ನೋಡಲಿಲ್ಲ. ಬಗ್ಗಿದಳು. ಕೋಲು ಮಲಗಿಸಿದಳು. ಚೆಂಡು ಅರ್ಧ ದಾರಿ ನೆಟ್ಟಗೆ ಬಂತು. ಆಮೇಲೆ ಯಾವುದೋ ಕಲ್ಲು ತಾಗಿ ಗುಬ್ಬಚ್ಚಿಯಂತೆ ಎದ್ದಿತು.

ದೂರದಿಂದ ನನಗೆ ಮೊದಲು ಕಾಣಿಸಿದ್ದು ಅಕ್ಕ ಮೊಣಕಾಲೂರಿದ್ದು. ಸದ್ದು ಆಮೇಲೆ ಬಂತು. ಆ ಸದ್ದನ್ನು ತಮಾಷೆ ಮಾಡಿ ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ಸ್ಟೆಲ್ಲಾ ಮಿಸ್ ಸೆರಗನ್ನೇ ಉಂಡೆ ಮಾಡಿ ಅವಳ ಬಾಯಿಗೆ ಒತ್ತಿದರು. "ಅಯ್ಯೋ ಕಡವುಳೇ, ಅಯ್ಯೋ ಕಡವುಳೇ" ಎನ್ನುತ್ತಲೇ ಇದ್ದರು. ಮುಂದಿನ ಎರಡು ಹಲ್ಲು ಹೋಗಿದ್ದವು. ಎಲ್ಲರೂ ಅಕ್ಕನ ಸುತ್ತ ಇದ್ದಾಗ ನಾನು ನೆಲದ ಮೇಲೆ ಕೂತು ಹಲ್ಲು ಹುಡುಕತೊಡಗಿದೆ. ಸಿಕ್ಕಿದರೆ ಡಾಕ್ಟರು ಮತ್ತೆ ಅಂಟಿಸುತ್ತಾರೆಂದು ನನ್ನ ತಲೆಯಲ್ಲಿತ್ತು. ಚಿನ್ನ ಅಗೆಯುವ ಊರಿನಲ್ಲಿ ಹಲ್ಲು ಅಗೆದವಳು ನಾನೊಬ್ಬಳೇ ಇರಬೇಕು. ಬಿಳಿಯ ಕಲ್ಲುಗಳನ್ನೆಲ್ಲ ಎತ್ತಿ ಎತ್ತಿ ನೋಡಿದೆ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ನನ್ನ ಅಂಗೈಯಲ್ಲಿದ್ದ ಹಲ್ಲನ್ನು ನೋಡಿ ಡಾಕ್ಟರು ತಲೆಯಾಡಿಸಿದರು. ವಾಪಸ್ ಗಾಡಿಯಲ್ಲಿ ಅಕ್ಕ ಹಾಲಿನ ಕ್ಯಾನಿನ ಮೇಲೆ ಕೂತಿದ್ದಳು, ಅಪ್ಪನ ಟವೆಲ್ ಅವಳ ಮುಖದ ಮೇಲಿತ್ತು. ಪಾಳಿ ಮುಗಿಸಿ ಬಂದವರೊಬ್ಬರು ಕೇಳಿದರು: "ಏನಾಯ್ತು ಗೌಡ್ರೇ, ಮಗೂಗೆ?"

"ಬಿದ್ಲು," ಎಂದ ಅಪ್ಪ.

ಮನೆಯಲ್ಲಿ ಅಮ್ಮ ಸುಣ್ಣ ಬಳಿದ ಗೋಡೆಗೊರಗಿ ಅತ್ತಳು. ಅಕ್ಕನ ತುಟಿ ಬದನೆಕಾಯಿಯಂತೆ ಊದಿತ್ತು. ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ, ಸಾರಿನಲ್ಲದ್ದಿ, ಬಾಯ ಮೂಲೆಯಿಂದ ಜಾರಿಸಿ ನುಂಗುತ್ತಿದ್ದಳು.

"ಮುದ್ದೆ ನುಂಗೋಕೆ ಅಲ್ಲು ಬೇಕಿಲ್ಲ, ಸರಿ," ಎಂದಳು ಅಮ್ಮ. "ಕುಪ್ಪಂನವ್ರ ಮುಂದೆ ನಗೋಕೆ ಬೇಡ್ವಾ?"

"ನನ್ಗೂ ಅಲ್ಲಿಲ್ಲ ಕಣೇ. ನಾನು ಬದುಕಿಲ್ವಾ?" ಎಂದಳು ಅಜ್ಜಿ.

"ನಿಮ್ಗೆ ಮದ್ವೆ ಆಗಿ ಎಷ್ಟು ಕಾಲ ಆಯ್ತತ್ತೇ!"

ಬೇರೆ ದಿನವಾಗಿದ್ದರೆ ನಾನು ನಕ್ಕು ಸಾರು ಚೆಲ್ಲುತ್ತಿದ್ದೆ. ಅಕ್ಕ ನಕ್ಕಿದ್ದರೆ ನಾನೂ ನಗುತ್ತಿದ್ದೆ.

ಕೆಲವು ದಿನ ಕಳೆದು ಅಪ್ಪ ಗಾಡಿಯಿಂದ ಇಳಿದು ನೇರ ಮನೆಯೊಳಗೆ ಬಂದ, ಸೈಕಲ್ಲಿನ ಕ್ಯಾನು ಇಳಿಸಲೂ ಇಲ್ಲ. "ಟೀಚರಮ್ಮ ಪ್ಲಾಟ್‌ಫಾರಂನಲ್ಲಿ ಸಿಕ್ಕಿದ್ರು. ನಮ್ ರತ್ನ ಸೆಲೆಕ್ಟ್ ಆಗವ್ಳಂತೆ. ಗಾಯ ಮಾಯ್ಲಿ, ಸಂಕ್ರಾಂತಿ ಆದ್ಮೇಲೆ ಬರ್ಲಿ ಅಂದವ್ರಂತೆ."

"ಈ ಬಾಯಿ ಇಟ್ಕೊಂಡಾ?" ಎಂದಳು ಅಮ್ಮ.

"ಆಕಿ ಬಾಯಲ್ಲಿ ಆಡ್ತಾರೇನೇ? ಮಾತು ಕೊಟ್ಟಿದ್ದೀನಿ, ಓಗ್ಲಿ." ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಕುಪ್ಪಂನವ್ರಿಗೂ ಯೋಳ್ಬಿಟ್ಟೆ."

ಮರುದಿನ ಅಮ್ಮ ರಾಗಿ ಹುರಿದು ಹುರಿಹಿಟ್ಟು ಬೀಸಲು ಕೂತಳು. ಅಗಿಯದೆ ತಿನ್ನಬಹುದಾದದ್ದು, ಬೆಲ್ಲ ಕಲಸಿದರೆ ಹೊಟ್ಟೆ ತುಂಬುತ್ತದೆ, ಬೆಂಗಳೂರಿನಲ್ಲಿ ಯಾರು ಮಾಡಿಕೊಡುತ್ತಾರೆ ಎಂದು ಬೀಸುಕಲ್ಲಿನ ಜೊತೆ ಮಾತಾಡುತ್ತಿದ್ದಳು. ಹುರಿದ ರಾಗಿಯ ಘಮಕ್ಕೆ ಬೀದಿಯವರೆಲ್ಲ ಬಂದು, ಏನು ವಿಶೇಷ ಎಂದು ಕೇಳಿದರು. ಅಜ್ಜಿ, "ನಮ್ ಉಡುಗಿ ಪ್ಲಾಸ್ಟಿಕ್ ಉಲ್ಲಿನ ಮೇಲೆ ಓಗ್ತಾವ್ಳೆ," ಎಂದು ಹೆಮ್ಮೆಯಿಂದ ಹೇಳಿದಳು. ನಮ್ಮ ಮನೆಯಲ್ಲಿ ಅಡ್ಡ ಬರುವವರು ಯಾರೂ ಉಳಿದಿರಲಿಲ್ಲ.

ಅಕ್ಕ ಮಾತ್ರ ಕಣದ ಕಡೆ ಹೋಗಿಯೇ ಇರಲಿಲ್ಲ. ಸಂಕ್ರಾಂತಿಯ ಮರುದಿನ ಕಲ್ಲುಗುಂಡು ಮತ್ತೆ ನಮ್ಮ ಸರದಿಗೆ ಬಂದು ಒಕ್ಕಣೆ ಶುರುವಾಗುವುದಿತ್ತು, ಆಮೇಲೆ ಕಣ ಸಿಗುವುದಿಲ್ಲ. ಅವತ್ತು ಬೆಳಿಗ್ಗೆ ಒಕ್ಕಣೆಗೆ ಮುಂಚೆಯೇ ಅವಳ ಕೈಗೆ ಕೋಲು ತುರುಕಿ ಎಳೆದುಕೊಂಡು ಹೋದೆ. ಮೆದೆಯ ಮೇಲೆ ಮಂಜು ಕೂತಿತ್ತು.

ಚೆಂಡನ್ನು ಮೆಲ್ಲಗೆ ತಳ್ಳಿದೆ. ಅಕ್ಕ ಬಗ್ಗಿ ಕೋಲು ಮಲಗಿಸಿದಳು. ಚೆಂಡು ಕೋಲಿನ ಪಕ್ಕದಲ್ಲೇ ಹಾದುಹೋಯಿತು. ಇನ್ನೂ ಮೆಲ್ಲಗೆ ತಳ್ಳಿದೆ, ಅದೂ ಹೋಯಿತು. ಮೂರನೆಯದನ್ನು ಕೈಯಲ್ಲಿ ಮಗುವಿಗೆ ಬಿಡುವ ಹಾಗೆ ಉರುಳಿಸಿ ಅವಳ ಮುಖವನ್ನೇ ನೋಡಿದೆ. ಚೆಂಡು ಹತ್ತಿರ ಬರುತ್ತಿದ್ದಂತೆ ಅಕ್ಕನ ಕಣ್ಣು ಮುಚ್ಚಿಕೊಂಡಿತು. ತುಟಿ ಒಳಕ್ಕೆ ಸೇರಿತು.

"ಅಕ್ಕಾ, ಕಣ್ಣು ಬಿಡೇ."

"ಬಿಟ್ಕೊಂಡೇ ಇರ್ತೀನಿ ಕಣೇ. ಅದೇ ಮುಚ್ಕೊಳ್ತದೆ."

ಮತ್ತೆ ತಳ್ಳಿದೆ. ಮತ್ತೆ ಹಾಗೆಯೇ. ಅಷ್ಟು ನುಣುಪಾದ ನೆಲದ ಮೇಲೆ, ಅಷ್ಟು ಮೆಲ್ಲಗೆ ಬಂದ ಚೆಂಡು. ಅಕ್ಕ ಕೋಲು ಬಿಟ್ಟು ಕಣದ ಮೇಲೆ ಕೂತುಬಿಟ್ಟಳು.

ನಾನು ಪಕ್ಕ ಕೂತೆ. ನನಗೆ ಗೊತ್ತಿದ್ದ ಮದ್ದು ಒಂದೇ. "ಪೇಪರಲ್ಲಿ ಬಂದೈತೆ ಅಕ್ಕಾ. ಕಿತ್ತಳೆಗೂ ಇಂಗೇ ಆಗಿತ್ತಂತೆ. ಮುಂದಿನ ಅಲ್ಲೆಲ್ಲಾ ಓಗಿ, ಚಿನ್ನದ ಅಲ್ಲು ಕಟ್ಟಿಸ್ಕೊಂಡ್ಲಂತೆ. ಚಿನ್ನ ನಮ್ ಗಣೀದೇ ಅಂತೆ. ಬಿಸಿಲಿಗೆ ಅದು ಮಿಂಚೋದ್ಕೆ ರಷ್ಯಾದವ್ರ ಗೋಲ್‌ಕೀಪರ್ ಕಣ್ಣು ಕೋರೈಸಿ..."

"ಇದೂ ನಿನ್ ಕಥೇನಾ?"

ನಾನು ಕಣದ ಮೇಲಿನ ಗೀರೊಂದನ್ನು ಹೆಬ್ಬೆರಳಿನಿಂದ ಒರೆಸಿದೆ.

"ಅವ್ಳ ಅಪ್ಪ ಆಲು ಮಾರ್ತಾನಲ್ವಾ?" ಎಂದಳು ಅಕ್ಕ.

"ಊಂ, ಮಾರ್ತಾನೆ."

"ಎಮ್ಮೆ ಐತಲ್ವಾ?"

"ಐತೆ."

"ಅಂಗಾದ್ರೆ ಅವ್ಳೂ ಕಣ್ಣು ಮುಚ್ಚಿದ್ಲು ಅಂತ ಯೋಳು ಮಂಜೀ. ಮುಚ್ಚಿ, ಆಮೇಲೆ ಎಂಗೆ ಬಿಟ್ಲು, ಅದು ಯೋಳು."

ಹಾಲೆಂಡಿಗೆ ಎಮ್ಮೆ ಸಾಗಿಸಿದವಳು ನಾನು. ರಷ್ಯಾವನ್ನು ಎಷ್ಟು ಸಲ ಸೋಲಿಸಿದೆನೋ ಲೆಕ್ಕವಿಲ್ಲ. ಆದರೆ ಕಣ್ಣು ಹೇಗೆ ಬಿಟ್ಟಳೆಂದು ನನಗೆ ಗೊತ್ತಿರಲಿಲ್ಲ.

ತಲೆ ಎತ್ತಿದರೆ ಬದುವಿನ ಮೇಲೆ ಅಪ್ಪ ನಿಂತಿದ್ದ, ತಲೆಯ ಮೇಲೆ ತೆನೆಯ ಹೊರೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹೊರೆ ಇಳಿಸಿ ಬಂದು, ಅಕ್ಕನ ತಲೆಯ ಮೇಲೆ ಕೈಯಿಟ್ಟ. "ಮೇಲೇಳಮ್ಮಾ. ತೆನೆ ಅರವಬೇಕು," ಎಂದ, ಅಷ್ಟೇ.

ಅಕ್ಕ ಎದ್ದು ತೆನೆ ಹರವಿದಳು. ಕಲ್ಲುಗುಂಡು ಸುತ್ತತೊಡಗಿತು. ಹುಲ್ಲು ತಿರುವಲು ನಮ್ಮಲ್ಲಿ ತುದಿ ಬಾಗಿದ ಕೋಲು ಬೇಕು. ಅವಳು ಸುತ್ತ ನೋಡಿ, ಹಾಕಿ ಕೋಲನ್ನೇ ಎತ್ತಿಕೊಂಡು ಹುಲ್ಲು ತಿರುವಿದಳು. ಅಪ್ಪ ಹೇಳಿದ್ದಂತೆ ಅದು ಒಲೆಗೆ ಹೋಗಲಿಲ್ಲ. ಹೋಗಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು, ಹೋಗದೆ ಕಣದ ಮೂಲೆಯಲ್ಲಿ ಸುಗ್ಗಿ ಸುಗ್ಗಿಗೂ ಕಣ್ಣಿಗೆ ಬೀಳುತ್ತಿತ್ತು.

ಬೆಂಗಳೂರಿಗೆ ಹೊರಡಬೇಕಿದ್ದ ದಿನ ಸ್ಟೆಲ್ಲಾ ಮಿಸ್ ಊರಿಗಾಂನಿಂದ ಬಂದು ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಕಾದರಂತೆ. ಅಕ್ಕ ಬರುವುದಿಲ್ಲವೆಂದು ಅಪ್ಪನೇ ಹೋಗಿ ಹೇಳಿಬಂದ. ಕಾರಣ ಏನು ಹೇಳಿದನೋ ಗೊತ್ತಿಲ್ಲ. ಅಮ್ಮನ ಹುರಿಹಿಟ್ಟನ್ನು ತಿಂಗಳುಗಟ್ಟಲೆ ನಾನೇ ತಿಂದೆ, ಗೋಲಿನ ಉಳಿದರ್ಧವೂ ಮುಚ್ಚುವಷ್ಟು ದಪ್ಪವಾದೆ. ಆದರೆ ಅಕ್ಕನಿಲ್ಲದ ತಂಡ ಮುಂದಿನ ವರ್ಷವೇ ನಿಂತುಹೋಯಿತು.

ಈಗ ಅಕ್ಕ ಬಂಗಾರಪೇಟೆಯಲ್ಲಿದ್ದಾಳೆ. ಭಾವ ಒಳ್ಳೆಯವನು, ಅಂಗಡಿ ಇಟ್ಟಿದ್ದಾನೆ. ಮದುವೆಗೆ ಮೊದಲೇ ಹಲ್ಲು ಕಟ್ಟಿಸಿದರು, ಅಸಲಿಗಿಂತ ಚೆನ್ನಾಗಿವೆ. ಆದರೂ ನಗುವಾಗ ಅಂಗೈ ತಾನಾಗಿ ಬಾಯಿಗೆ ಹೋಗುತ್ತದೆ. ನಮ್ಮೂರಿನಲ್ಲಿ ಈಗ ಯಾರೂ ಕಣ ಮಾಡುವುದಿಲ್ಲ, ತೆನೆಯನ್ನು ಟಾರು ರಸ್ತೆಯ ಮೇಲೆ ಹರವುತ್ತಾರೆ, ಬಸ್ಸು ಲಾರಿಗಳು ಒಕ್ಕುತ್ತವೆ. ಅನ್ನ ಬೀಳುವ ಜಾಗದಲ್ಲಿ ಎಲ್ಲರ ಮೆಟ್ಟೂ ಓಡಾಡುತ್ತದೆ, ಬೈಯಲು ಅಜ್ಜಿಯೂ ಇಲ್ಲ. ಗಣಿಯ ಬಾವಿಗಳು ಒಂದೊಂದಾಗಿ ಮುಚ್ಚುತ್ತಿವೆ, ಹಾಲು ಕೊಳ್ಳುತ್ತಿದ್ದ ಲೈನುಮನೆಗಳು ಖಾಲಿಯಾಗುತ್ತಿವೆ. ಆ ಮೈದಾನದಲ್ಲಿ ಜಾಲಿ ಗಿಡ ಎದ್ದಿದೆ. ಅದರ ಬುಡದಲ್ಲೆಲ್ಲೋ ಅಕ್ಕನ ಹಲ್ಲೊಂದು ಇನ್ನೂ ಇದೆ.

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಅವರೆಕಾಳು ಹಿಸುಕುತ್ತಾ ಟಿ.ವಿ. ಮುಂದೆ ಕೂತಿದ್ದೆವು. ಅಕ್ಕನ ಮಗಳು ಚಾನೆಲ್ ತಿರುಗಿಸುವಾಗ ಥಟ್ಟನೆ ಕಿತ್ತಳೆ ಬಣ್ಣ ಮಿಂಚಿತು. ಹಾಲೆಂಡಿನ ಹುಡುಗಿಯರು. ನಮ್ಮವಳಲ್ಲ, ಅವಳೂ ಈಗ ಎಲ್ಲೋ ಅವರೆಕಾಳು ಹಿಸುಕುವ ವಯಸ್ಸಿನವಳು. ಆದರೆ ಅದೇ ಅಂಗಿ, ಅದೇ ಒದ್ದೆ ಹುಲ್ಲು. ಕಾರ್ನರ್ ಸಿಕ್ಕಿತ್ತು. ಒಬ್ಬಳು ಬಗ್ಗಿ ಕೋಲು ಮಲಗಿಸಿದಳು.

ಅಕ್ಕನ ಕೈ ನಿಂತಿತು. ಚೆಂಡು ಹೊರಟಿತು. ನಾನು ಟಿ.ವಿ. ನೋಡಲಿಲ್ಲ, ಅವಳನ್ನು ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದಳು.

"ನಿಲ್ಸಿದ್ಲೇನೇ?" ಎಂದಳು, ಮುಚ್ಚಿದ ಕಣ್ಣಿನಲ್ಲೇ.

"ನಿಲ್ಸಿದ್ಲು ಅಕ್ಕಾ." ನನಗೆ ಗೊತ್ತಿರಲಿಲ್ಲ. ಆದರೂ ಹೇಳಿದೆ: "ಅವ್ಳೂ ಕಣ್ಣು ಮುಚ್ಕೊಂಡಿದ್ಲು ಕಣೇ. ನಾನು ನೋಡ್ದೆ."

ಅಕ್ಕ ಕಣ್ಣು ತೆರೆದಳು. ಕಿತ್ತಳೆ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು.

"ಎಮ್ಮೆ ಐತಾ ಅವ್ಳಿಗೆ?" ಎಂದಳು ಅಕ್ಕ. ಕೈ ಬಾಯಿಗೆ ಹೋಯಿತು.